ಕಾಕುವಿಗೆ ಹೇಳದೆ ಉಳಿದ ಹಕ್ಕಿಯ ಹೆಸರು

ನಿನ್ನೆ ಇಳಕಲ್ಲಿನ ಮನೆಯಲ್ಲಿ ಮಗಳು ಹಕ್ಕಿಗಳ ಚಾರ್ಟ್ ಹಿಡಿದು ಜೋರಾಗಿ ಓದುತ್ತಿದ್ದಳು. "ಡವ್ ಅಂದ್ರ ಬೆಳವಕ್ಕಿ" ಎಂದಾಗ ನಾನು ಅಲ್ಲೇ ಕೂತಿದ್ದ ಕಾಕುವಿನ ಕಡೆ ನೋಡಿದೆ.

ಚಿಕ್ಕವನಿದ್ದಾಗ ನನಗೆ ಆ ಪದ ಕಲಿಸಿದವನು ಸೀರೆ ವ್ಯಾಪಾರಿಯಾಗಿದ್ದ ನನ್ನ ಕಾಕಾ. ಇಂಗ್ಲಿಷಿನವರು ಮುದ್ದಿನ ಹೆಂಡತಿಯನ್ನು ಹಾಗೆ ಕರೆಯುತ್ತಾರೆಂದೂ ಹೇಳಿದ್ದ. ಪರವೂರಿನ ಗಿರಾಕಿಗಳು ಬಂದರೆ ನನ್ನನ್ನು ನಿಲ್ಲಿಸಿ ಹಕ್ಕಿಗಳ ಹೆಸರು ಇಂಗ್ಲಿಷಿನಲ್ಲಿ ಒಪ್ಪಿಸಲು ಹೇಳುತ್ತಿದ್ದ. ಬಳಿಕ, ಸೀರೆಯ ಮೈನೂಲಿಗೆ ಸೆರಗಿನ ನೂಲನ್ನು ಕೊಂಡಿ ಹಾಕಿ ಜೋಡಿಸುತ್ತ ಕೂತಿದ್ದ ತನ್ನ ಹೆಂಡತಿ, ನನ್ನ ಕಾಕುವಿನ ಕಡೆ ತಿರುಗಿ, "ಮೈ ಡವ್, ಚಾ ತಗೊಂಡ್ ಬಾ" ಎನ್ನುತ್ತಿದ್ದ.

ಒಮ್ಮೆ ಗಿರಾಕಿಗಳು ಹೋದ ಮೇಲೆ, ಸಕ್ಕರೆ ಕಡಿಮೆಯಾಗಿತ್ತೆಂದು ಕಪ್ಪಿನಲ್ಲಿ ಉಳಿದ ಚಹಾವನ್ನು ಅವಳ ಮುಖಕ್ಕೆ ಎರಚಿದ. ಎಲೆಯಡಿಕೆಯ ಕೆಂಪು ಹಲ್ಲು ತೋರಿಸಿ ನಕ್ಕು ಹೊರಗೆ ಹೋದ.

ಕಾಕು ಮುಖ ಒರೆಸಿಕೊಂಡು ಕೇಳಿದಳು: "ಡವ್ ಅಂದ್ರ ಏನೋ ತಮ್ಮಾ?"

ಅರ್ಥ ಹೇಳಲು ಹೇಸಿಗೆಯಾಯಿತು. "ಗೊತ್ತಿಲ್ಲ" ಎಂದೆ.

ನಿನ್ನೆ ಮಗಳ ಓದು ಕೇಳಿ ಕಾಕು ತಲೆ ಎತ್ತಿದಳು. "ಡವ್ ಅಂದ್ರ ಹಕ್ಕಿ ಹೆಸರಾ? ಇಷ್ಟು ವರ್ಷ ನಾ ಬೈಗಳ ಅಂತ ತಿಳ್ಕೊಂಡಿದ್ನೆಪಾ!"

"ನೀ ತಿಳ್ಕೊಂಡಿದ್ದ ಖರೆ ಬೇ" ಎಂದೆ.