ಹೆಸರು ಕೆರೆದ ಹಾಡುಗಳು

ದಾಮಾರಿಸ್ ಆ ಮನೆಯ ಹೊಸ್ತಿಲನ್ನು ಮೊದಲು ತುಳಿದದ್ದು ಒಂದು ಮಂಗಳವಾರ, ವೈಫೈ ಸರಿಮಾಡಿಕೊಡಲು. ಕಡಲ ತೀರದ ಕಾರ್ತಹೇನ ಊರಿನ ಬಸುರ್ತೊ ಸಂತೆಯಲ್ಲಿ, ಮೀನಿನ ಸಾಲು ಮುಗಿದು ಚಪ್ಪಲಿಗಳ ಸಾಲು ಶುರುವಾಗುವ ಮೂಲೆಯಲ್ಲಿ, ಮೊಬೈಲು ರಿಪೇರಿಯ ಗೂಡಂಗಡಿ ಅವಳದು. ರೌಟರಿನ ತಂತಿಯನ್ನು ಇಲಿ ಕಡಿದಿತ್ತು, ಅಷ್ಟೆ. ಹತ್ತು ನಿಮಿಷದ ಕೆಲಸ. ಮುಗಿಸಿ ಹೊರಟವಳನ್ನು ಹಿಂದಿನ ಕೋಣೆಯಿಂದ ಒಂದು ದನಿ ಕರೆಯಿತು.

ಮಂಚದ ಮೇಲೆ ಎರಡು ದಿಂಬಿಗೆ ಒರಗಿ ಓತೀಲಿಯ ಕುಳಿತಿದ್ದರು. ಎಪ್ಪತ್ತರ ಹೆಂಗಸು, ತಲೆಗೆ ಹಳದಿ ಬಟ್ಟೆ ಕಟ್ಟಿದ್ದರು. ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದು ಆಗ ಮೂರು ವಾರವಾಗಿತ್ತು.

"ಮಗಳೇ, ಈ ಸೀಸೆ ಮೇಲೆ ಊಟಕ್ಕೆ ಮುಂಚೆ ಅಂತ ಬರ್ದಿದ್ಯಾ, ಆಮೇಲೆ ಅಂತಾನಾ, ನೋಡು. ನಂಗೆ ಓದೋಕ್ ಬರಲ್ಲ."

"ಊಟ ಆದ್ಮೇಲೆ ಅಂತ ಇದೆ, ನೀನ್ಯ ಓತಿ." ಎಷ್ಟೇ ವಯಸ್ಸಾಗಿರಲಿ, ಆ ಬೀದಿಯಲ್ಲಿ ಹೆಂಗಸರನ್ನು ನೀನ್ಯ, ಅಂದರೆ ಪುಟ್ಟಿ, ಎಂದೇ ಕರೆಯುವುದು.

"ಹಾಗಾದ್ರೆ ಆ ಮುದುಕಂಗೆ ಹೇಳು, ಮೊದ್ಲು ಊಟ ಹಾಕಪ್ಪಾ ಅಂತ."

ಮುದುಕ ಎಂದರೆ ಅವರ ಗಂಡ ರೊಸೆಂದೊ ಕಾಸ್ಸಿಯಾನಿ. ಅವರು ಆಗಲೇ ಮೊಟ್ಟೆ ತುಂಬಿ ಕರಿದ ಜೋಳದ ರೊಟ್ಟಿಯನ್ನು ಹಳೆಯ ಪೇಪರಿನಲ್ಲಿ ಸುತ್ತಿಸಿಕೊಂಡು ಅಂಗಡಿಯಿಂದ ಬರುತ್ತಿದ್ದರು. ಓತೀಲಿಯ ರೊಟ್ಟಿ ತಿಂದು, ಎಣ್ಣೆ ಹತ್ತಿದ ಪೇಪರನ್ನು ಮೊಣಕಾಲ ಮೇಲೆ ಹರಡಿ, ಕೈಯಿಂದ ತೀಡಿ ತೀಡಿ ನೇರಮಾಡಿ ದಿಂಬಿನ ಕೆಳಗೆ ಇಟ್ಟುಕೊಂಡರು. "ಬೀಸ್ಕೊಳೋಕೆ ಆಗುತ್ತೆ," ಎಂದರು. ದಾಮಾರಿಸ್ ಅದನ್ನು ನೋಡಿದಳು, ನೋಡಿ ಮರೆತಳು.

ಮುಂದಿನ ಕೋಣೆಯಲ್ಲಿ ರೊಸೆಂದೊ ಅವರ ಪಿಕೊ ನಿಂತಿತ್ತು. ಬೀದಿ ಕುಣಿತಕ್ಕೆಂದು ಕಟ್ಟಿದ, ಬಾಗಿಲಿಗಿಂತ ಎತ್ತರದ ಧ್ವನಿಪೆಟ್ಟಿಗೆ. ಅದರ ಮೈಮೇಲೆ ಅಲೆಯೊಂದನ್ನು ಏರಿ ಕೂಗುವ ಕೆಂಪು ಹುಂಜದ ಚಿತ್ರ. ಹೆಸರು 'ಕಡಲ ಹುಂಜ'. ಒಂದು ಕಾಲದಲ್ಲಿ ಹುಂಜ ಕೂಗಿದರೆ ಮೂರು ಬೀದಿಯ ಜನ ಕುರ್ಚಿ ಹೊತ್ತು ಬರುತ್ತಿದ್ದರು. ಈಗ ಅದರ ಹೊಟ್ಟೆಯೊಳಗೆ ಗೆದ್ದಲು. ಪಕ್ಕದ ಕಪಾಟಿನಲ್ಲಿ ಇನ್ನೂರ ಹದಿನಾಲ್ಕು ರೆಕಾರ್ಡು.

ರೊಸೆಂದೊ ಹೆಂಡತಿಗಾಗಿ ದಿನವೂ ಹಾಡು ಹಾಕುತ್ತಿದ್ದರು. ಆದರೆ ಮುಂದಿನ ಕೋಣೆಯಲ್ಲಿ ಹಾಕಿದ ಹಾಡು ಬಸ್ಸಿನ ಹಾರನ್ನು, ಮಾವು ಮಾರುವವನ ಕೂಗು, ಎದುರು ಮನೆಯ ಡಾಮಿನೋ ಆಟದ ಗದ್ದಲ ಎಲ್ಲವನ್ನೂ ದಾಟಿ ಹಿಂದಿನ ಕೋಣೆಗೆ ಹೋಗುವಷ್ಟರಲ್ಲಿ ಅರ್ಧ ಸವೆದಿರುತ್ತಿತ್ತು. ಪ್ರತಿ ರೆಕಾರ್ಡು ತಿರುವಲು ಅವರು ಮೊಣಕಾಲು ಹಿಡಿದುಕೊಂಡು ಏಳಬೇಕು.

"ದೊನ್ ರೊಸೆಂದೊ, ಒಂದು ಪೆಟ್ಟಿಗೆ ಬರುತ್ತೆ," ಎಂದಳು ದಾಮಾರಿಸ್. "ಒಳಗೆ ಎರಡು ಹಾರ್ಡ್ ಡಿಸ್ಕು. ಹಾಡೆಲ್ಲಾ ಅದ್ರೊಳಗೆ ತುಂಬಿ ರೌಟರ್ ಪಕ್ಕ ಇಟ್ಬಿಟ್ರೆ, ನೀನ್ಯ ಓತಿ ದಿಂಬಿನ ಹತ್ರಾನೇ ಕೇಳ್ಬಹುದು, ಫೋನಲ್ಲಿ ಒತ್ತಿ. ಒಂದು ಡಿಸ್ಕ್ ಕೆಟ್ರೂ ಇನ್ನೊಂದ್ರಲ್ಲಿ ಎಲ್ಲಾ ಇರುತ್ತೆ."

"ಇಷ್ಟು ದೊಡ್ಡ ಹುಂಜ ಇಷ್ಟು ಚಿಕ್ಕ ಪೆಟ್ಟಿಗೇಲಿ ಹಿಡಿಸ್ತದಾ?"

"ಹುಂಜ ಹಿಡ್ಸಲ್ಲ. ಕೂಗು ಹಿಡಿಸುತ್ತೆ."

ಕೆಲಸ ಹೀಗೆ ಶುರುವಾಯಿತು. ಬೆಳಿಗ್ಗೆ ರೊಸೆಂದೊ ನಾಲ್ಕು ರೆಕಾರ್ಡು ಆರಿಸಿ, ಸೋಪಿನ ನೀರಿನಲ್ಲಿ ಅದ್ದಿ, ಮೆತ್ತನೆಯ ಬಟ್ಟೆಯಲ್ಲಿ ಒರೆಸಿ ಇಡುವರು. ಮಧ್ಯಾಹ್ನ ಸಂತೆ ಬಿಸಿಲಿಗೆ ಮಂಕಾದಾಗ ದಾಮಾರಿಸ್ ಬಂದು, ಅವನ್ನು ಒಂದೊಂದಾಗಿ ತಿರುಗಿಸಿ ಕಂಪ್ಯೂಟರಿಗೆ ಇಳಿಸಿ, ಹಾಡು ಹಾಡಾಗಿ ಕತ್ತರಿಸಿ ಪೆಟ್ಟಿಗೆಗೆ ಸೇರಿಸುವಳು. ಇದರಲ್ಲಿ ಅವಸರ ನಡೆಯದು. ಮುಕ್ಕಾಲು ಗಂಟೆಯ ರೆಕಾರ್ಡಿಗೆ ಮುಕ್ಕಾಲು ಗಂಟೆಯೇ ಬೇಕು. ಕಡಲ ಉಪ್ಪುಗಾಳಿ ತಾಗದಂತೆ ಪೆಟ್ಟಿಗೆಯನ್ನು ಕಿಟಕಿಯಿಂದ ದೂರ, ಕನ್ಯೆ ಮೇರಿಯ ಪಟದ ಕೆಳಗಿನ ಹಲಗೆಯ ಮೇಲೆ ಇಟ್ಟಳು. ಕರೆಂಟು ಹೋದರೆ ಇರಲಿ ಎಂದು ಒಂದು ಬ್ಯಾಟರಿಯನ್ನೂ ಜೋಡಿಸಿದಳು.

ತೊಡಕು ಬಂದದ್ದು ಹೆಸರಿನಲ್ಲಿ. ಯಾವ ರೆಕಾರ್ಡಿನ ನಡುವೆಯೂ ಹೆಸರು ಅಚ್ಚಾದ ಕಾಗದವಿರಲಿಲ್ಲ.

ಪಿಕೊದವರ ಪದ್ಧತಿಯೇ ಅದು. ಆಫ್ರಿಕದಿಂದ ಬಂದ ಹಡಗಿನ ನಾವಿಕನ ಕೈಯಿಂದ ಒಂದು ಹೊಸ ರೆಕಾರ್ಡು ಸಿಕ್ಕಿತೆನ್ನಿ, ಮೊದಲು ಅದರ ಕಾಗದ ಕಿತ್ತು ಹೊದಿಕೆ ಸುಟ್ಟುಹಾಕಬೇಕು. ಹಾಡಿದವರು ಯಾರು, ಹಾಡು ಯಾವುದು ಎಂದು ಇನ್ನೊಬ್ಬ ಪಿಕೊದವನಿಗೆ ಗೊತ್ತಾಗಬಾರದು. ಗೊತ್ತಾದರೆ ಅವನೂ ತರಿಸುತ್ತಾನೆ. ನಿಮ್ಮ ಅಂಗಳ ಖಾಲಿಯಾಗುತ್ತದೆ. ಹೆಸರಿಲ್ಲದ ಹಾಡಿಗೆ ಬೀದಿಯೇ ಹೆಸರಿಡುತ್ತಿತ್ತು. ಕುಣಿಯುವಾಗ ಯಾರದೋ ಚಪ್ಪಲಿ ಕಿತ್ತುಹೋದ ಹಾಡು 'ಕಿತ್ತ ಚಪ್ಪಲಿ'. ಪೊಲೀಸರು ಬಂದು, ನಿಲ್ಲಿಸುವ ಬದಲು ತಾವೇ ಕುಣಿದ ಹಾಡು 'ಸಾರ್ಜೆಂಟ್'. ಎಲ್ಲಕ್ಕಿಂತ ಹೆಸರಾದದ್ದು 'ಕುಂಟ ಏಡಿ': ಅದರ ಗಿಟಾರು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಪಕ್ಕಕ್ಕೆ ಇಡುತ್ತಿತ್ತು. 'ಪಟ್ಟೆ ಹುಲಿ' ಪಿಕೊದ ಪ್ಲಿನಿಯೊ ಅದರ ಹೆಸರಿಗಾಗಿ ಮೂವತ್ತೈದು ವರ್ಷ ಹುಡುಕಾಡಿದ್ದ. ಈಗ ಎದುರು ಮನೆಯ ಜಗಲಿಯಲ್ಲಿ ಡಾಮಿನೋ ಆಡುವವನು ಅವನೇ.

"ಹೆಸ್ರು ಬೇಡ. ನಂಬರ್ ಹಾಕು," ಎಂದರು ರೊಸೆಂದೊ.

ಎರಡು ತಿಂಗಳಲ್ಲಿ ಪೆಟ್ಟಿಗೆ ತುಂಬಿತು. ಸಾವಿರದ ಚಿಲ್ಲರೆ ಹಾಡು, ಸಾವಿರದ ಚಿಲ್ಲರೆ ನಂಬರು. ಓತೀಲಿಯ ಮೊದಲ ದಿನವೇ ಕೇಳಿದರು: "ಕುಂಟ ಏಡಿ ಹಾಕು." ರೊಸೆಂದೊ ಫೋನು ಹಿಡಿದು ಪೆಚ್ಚಾಗಿ ಕುಳಿತರು. ರೆಕಾರ್ಡಾದರೆ ಅವರ ಬೆರಳಿಗೆ ಗೊತ್ತಿತ್ತು: ಅಂಚಿನಲ್ಲಿ ಒಂದು ಕಚ್ಚು, ನಡುವೆ ಒಂದು ಹನಿ ಮೇಣ. ಪೆಟ್ಟಿಗೆಯಲ್ಲಿ ಮುಟ್ಟಿ ನೋಡಲು ಅಂಚೇ ಇಲ್ಲ. ನಾಲ್ಕು ದಿನ ಓತೀಲಿಯ ಕೇಳಿದ್ದೊಂದು, ಪೆಟ್ಟಿಗೆ ಹಾಡಿದ್ದೊಂದು. ಐದನೆಯ ದಿನ ಅವರು ಕೇಳುವುದನ್ನೇ ಬಿಟ್ಟು ಗೋಡೆಯ ಕಡೆ ಮುಖ ಮಾಡಿ ಮಲಗಿದರು.

ಅದನ್ನು ನೋಡಿ ದಾಮಾರಿಸಳಿಗೆ ಸಂಕಟವಾಯಿತು. ಹಾಡಿನ ದನಿಯನ್ನು ಕೇಳಿ ಹೆಸರು ಹುಡುಕಿ ಬರೆಯುವ ತಂತ್ರಾಂಶವೊಂದಿತ್ತು. ಯಾರನ್ನೂ ಕೇಳದೆ, ಭಾನುವಾರ ತನ್ನ ಅಂಗಡಿಯಿಂದಲೇ ಅದನ್ನು ಪೆಟ್ಟಿಗೆಯ ಮೇಲೆ ಹರಿಯಬಿಟ್ಟಳು. ಸಂಜೆಗೆ ನಂಬರುಗಳೆಲ್ಲ ಹೋಗಿ ಹೆಸರುಗಳು ಬಂದು ಕುಳಿತಿದ್ದವು. ಮರುದಿನ ಹಬ್ಬದ ಸಿಹಿ ಹಂಚಲು ಬಂದವಳ ಹಾಗೆ ಬಂದಳು.

"ಕೇಳಿ ನೀನ್ಯ ಓತಿ!" ಎಂದು ಒಂದೊಂದೇ ಹಾಡು ಒತ್ತಿದಳು. ಐದನೆಯದಕ್ಕೆ ಓತೀಲಿಯ ಕೈ ತಟ್ಟಿ "ಕುಂಟ ಏಡಿ!" ಎಂದು ಕೂಗಿದರು. ದಾಮಾರಿಸ್ ಹಿಗ್ಗಿನಿಂದ ಹಾಡಿನ ಹೆಸರನ್ನೂ ಹಾಡಿದ ತಂಡದ ಹೆಸರನ್ನೂ ಗಟ್ಟಿಯಾಗಿ ಓದಿದಳು. ಎಲ್ಲ ಬಾಗಿಲೂ ತೆರೆದಿತ್ತು. ಎದುರು ಜಗಲಿಯಲ್ಲಿ ಡಾಮಿನೋ ಕಾಯಿಗಳ ಸದ್ದು ನಿಂತಿತು.

"ಏನಂದೆ ಮಗಳೇ? ಇನ್ನೊಂದ್ಸಲ ಹೇಳು!" ಪ್ಲಿನಿಯೊನ ದನಿ. "ಏ ರೊಸೆಂದೊ! ಅಷ್ಟೇನೇನೋ ನಿನ್ನ ಏಡಿ? ನನ್ ಜೀವಮಾನ ತಿಂದ್ಬಿಟ್ಯಲ್ಲೋ, ಇದಕ್ಕಾಗಿ!"

ಜಗಲಿಯವರೆಲ್ಲ ನಕ್ಕರು. ರೊಸೆಂದೊ ನಗಲಿಲ್ಲ. ಎದ್ದು ಹೋಗಿ ಪೆಟ್ಟಿಗೆಯ ತಂತಿ ಕಿತ್ತು, ಅದನ್ನು ಟವಲಿನಲ್ಲಿ ಸುತ್ತಿ ಬೀರುವಿನ ತಳದಲ್ಲಿಟ್ಟು ಬೀಗ ಹಾಕಿದರು.

"ಐವತ್ತು ವರ್ಷ ಕಾಪಾಡ್ಕೊಂಡಿದ್ದೆ," ಎಂದರು. "ಒಂದು ಮಧ್ಯಾಹ್ನ ಸಾಕಾಯ್ತು."

ಒಂಬತ್ತು ದಿನ ಆ ಮನೆಯಲ್ಲಿ ಹಾಡಿಲ್ಲ. ರೊಸೆಂದೊ ರೆಕಾರ್ಡುಗಳನ್ನೂ ಮುಟ್ಟಲಿಲ್ಲ. ಹತ್ತನೆಯ ದಿನ ದಾಮಾರಿಸ್ ಒಂದು ಡಬ್ಬಿ ಕೊಬ್ಬರಿ ಮಿಠಾಯಿ ಹಿಡಿದು ತಪ್ಪೊಪ್ಪಿಕೊಳ್ಳಲು ಬಂದಳು. ಓತೀಲಿಯ ಮಂಚದ ಅಂಚಿಗೆ ಕಾಲು ಇಳಿಬಿಟ್ಟು ಕುಳಿತಿದ್ದರು. ರೊಸೆಂದೊ ಕನ್ನಡಕವನ್ನು ಮೂಗಿಗೆ ಒತ್ತಿಕೊಂಡು ಅಂದಿನ ಪೇಪರನ್ನು ಹೆಂಡತಿಗೆ ತಡವರಿಸಿ ಓದಿ ಹೇಳುತ್ತಿದ್ದರು. ಮದುವೆಯಾದಂದಿನಿಂದ ತಪ್ಪದ ರೂಢಿ ಅದು.

"ಪೇಪರ್ ಮಡಚು ಮುದುಕಪ್ಪ," ಎಂದರು ಓತೀಲಿಯ. ನೆಟ್ಟಗೆ ಕುಳಿತು ಮುಂದುವರಿಸಿದರು: "ಮಗಳೇ, ಅವತ್ತು ಕುಂಟ ಏಡಿದು ಅಂತ ಯಾವ್ದೋ ಹೆಸ್ರು ಓದಿದ್ಯಲ್ಲ, ಅದು ತಪ್ಪು."

"ಪೆಟ್ಟಿಗೆ ಹೇಳಿದ್ದು ನೀನ್ಯ ಓತಿ..."

"ಪೆಟ್ಟಿಗೆ ಹೇಳಿದ್ದೇ ತಪ್ಪು. ಅದು ಬೇರೆಯವ್ರು, ಆಮೇಲೆ ಅದೇ ಹಾಡು ಹಾಡ್ದೋರು. ನಮ್ ರೆಕಾರ್ಡಿನ ಕಾಗದ ಹಸಿರು. ಮೇಲೆ ಒಂದು ಆನೆ. ಆನೆ ಕೆಳಗೆ ಬರ್ದಿದ್ದು..." ಎಂದು ಅವರು ದಾಮಾರಿಸಳನ್ನು ಹತ್ತಿರ ಕರೆದು, ಕಿವಿಯಲ್ಲಿ ಎರಡು ಹೆಸರು ಹೇಳಿದರು, ಅಕ್ಷರ ಬಿಡಿಸಿ.

ದಾಮಾರಿಸ್ ಫೋನಿನಲ್ಲಿ ಹುಡುಕಿದಳು. ಹಸಿರು ಕಾಗದ ಬಂತು, ಆನೆ ಬಂತು. ಒತ್ತಿದರೆ ಗಿಟಾರು ಒಂದು ಹೆಜ್ಜೆ ಮುಂದೆ, ಎರಡು ಹೆಜ್ಜೆ ಪಕ್ಕಕ್ಕೆ ಇಟ್ಟಿತು. ಅದೇ ದನಿ, ಅದೇ ಕೆಮ್ಮು ಬೆರೆತ ನಗು ಕೊನೆಯಲ್ಲಿ.

ರೊಸೆಂದೊ ಆನೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಹೆಂಡತಿಯನ್ನು.

"ನಿಂಗೆ ಓದೋಕೆ ಬರುತ್ತಾ?"

"ಬರುತ್ತೆ."

"ಯಾವಾಗಿಂದ?"

"ಮೂರನೇ ಕ್ಲಾಸಿಂದ."

ಕತೆ ಆಗ ಹೊರಬಿತ್ತು. ಮಹಾತೆಸ್ ಕಡೆಯ ಹಳ್ಳಿಯೊಂದರಿಂದ ಕೆಲಸ ಹುಡುಕಿಕೊಂಡು ಬಂದಾಗ ಓತೀಲಿಯ ಅವರಿಗೆ ಹದಿನೆಂಟು ವರ್ಷ. ರೆಕಾರ್ಡಿನ ಕಾಗದವನ್ನು ಬ್ಲೇಡಿನಿಂದ ಕೆರೆದರೆ ಗೀರು ಬೀಳುತ್ತದೆಂದು ಹುಳಿನೀರಿನಲ್ಲಿ ನೆನೆಸಿ ತೆಗೆಯಲು ರೊಸೆಂದೊ ಒಬ್ಬ ಹುಡುಗಿಯನ್ನು ಹುಡುಕುತ್ತಿದ್ದರು. ಓದು ಬಾರದ ಹುಡುಗಿಯೇ ಬೇಕಿತ್ತು. "ಓದೋಕೆ ಬರುತ್ತಾ?" ಎಂದು ಕೇಳಿದರು. ಅವಳಿಗೆ ಕೆಲಸ ಬೇಕಿತ್ತು, "ಇಲ್ಲ" ಎಂದಳು. ಮರುವರ್ಷ ಅವರೇ ಮದುವೆಯಾಗೋಣವೇ ಎಂದು ಕೇಳಿದಾಗ ಆ 'ಇಲ್ಲ'ವನ್ನು ಹಿಂದಕ್ಕೆ ತೆಗೆದುಕೊಳ್ಳಲು ಧೈರ್ಯ ಬರಲಿಲ್ಲ. ಆಮೇಲೆ ಪ್ಲಿನಿಯೊ ಒಂದು ದಿನ ಬಟ್ಟೆ ಒಗೆಯುವ ತೊಟ್ಟಿಯ ಹತ್ತಿರ ಬಂದು, ಒಂದೇ ಒಂದು ಹೆಸರಿಗೆ ಹೊಸ ಹೊಲಿಗೆ ಯಂತ್ರ ಕೊಡುತ್ತೇನೆ ಎಂದ. "ನಂಗೆ ಓದು ಬರಲ್ಲ, ಪ್ಲಿನಿಯೊ," ಎಂದರು. ಅಲ್ಲಿಂದ ಮುಂದೆ ಔಷಧದ ಚೀಟಿ, ಬಸ್ಸಿನ ಬೋರ್ಡು, ತಂಗಿಯ ಕಾಗದ, ಎಲ್ಲವನ್ನೂ ಬೇರೆಯವರಿಂದಲೇ ಓದಿಸಿಕೊಂಡರು. ರೊಟ್ಟಿ ಸುತ್ತಿ ಬಂದ ಪೇಪರು ಮಾತ್ರ ಅವರದು. ಮನೆಯಲ್ಲಿ ಯಾರೂ ಇಲ್ಲದಾಗ.

"ಐವತ್ತೊಂದು ವರ್ಷ ದಿನಾ ಪೇಪರ್ ಓದಿ ಹೇಳಿದೀನಲ್ಲೇ ನಿಂಗೆ!" ಎಂದರು ರೊಸೆಂದೊ.

"ಅರ್ಧಕ್ಕರ್ಧ ತಪ್ಪು ಓದ್ತಿದ್ದೆ ನೀನು. ಕೇಳೋಕೆ ಚೆನ್ನಾಗಿತ್ತು."

ರೊಸೆಂದೊ ಮಿಠಾಯಿ ಡಬ್ಬಿಯ ಮುಚ್ಚಳ ತೆಗೆದರು, ಮುಚ್ಚಿದರು, ಮತ್ತೆ ತೆಗೆದರು. "ಹೊಲಿಗೆ ಯಂತ್ರ ಬೇಡ ಅಂದ್ಯಾ?" ಎಂದು ಮೆಲ್ಲಗೆ ಕೇಳಿದರು. "ನಾನು ಒಂದು ಕೊಡ್ಸೋಕೆ ಹನ್ನೊಂದು ವರ್ಷ ಆಯ್ತಲ್ಲೇ."

"ಅದೂ ಹಳೇದು."

ರೊಸೆಂದೊ ಕಣ್ಣು ಒರೆಸಿಕೊಂಡರು. ಆಮೇಲೆ ಏನೋ ಹೊಳೆದು, ಕುಳಿತಲ್ಲೇ ನಗೆಗೆ ಅವರ ಭುಜ ಕುಲುಕತೊಡಗಿದವು. "ಹಾಗಾದ್ರೆ ಆ ಪ್ಲಿನಿಯೊ ಈಗ ತಪ್ಪು ಹೆಸ್ರು ಇಟ್ಕೊಂಡು..."

"ಬೊಗೋತಾದಿಂದ ಆ ರೆಕಾರ್ಡೇ ತರಿಸ್ತಿದಾರಂತೆ," ಎಂದಳು ದಾಮಾರಿಸ್.

ಮೂವರೂ ನಕ್ಕ ನಗೆಗೆ ಎದುರು ಜಗಲಿಯ ಡಾಮಿನೋ ಮತ್ತೊಮ್ಮೆ ನಿಂತಿತು. ಬೀರುವಿನ ಬೀಗ ತೆಗೆದವರು ರೊಸೆಂದೊ ಅವರೇ.

ಪೆಟ್ಟಿಗೆಯಲ್ಲಿ ಈಗ ಪ್ರತಿ ಹಾಡಿಗೂ ಬೀದಿ ಇಟ್ಟ ಹೆಸರೇ ಇದೆ. ಹನ್ನೆರಡು ಮಧ್ಯಾಹ್ನ ಓತೀಲಿಯ ಕೇಳಿ ಕೇಳಿ ಹೇಳಿದರು, ದಾಮಾರಿಸ್ ಬರೆದಳು. ಕಾಗದದ ಮೇಲಿದ್ದ ಹೆಸರುಗಳು, ಓತೀಲಿಯ ನೆನಪಿನಿಂದ ತಾವೇ ತುಂಬಿದವು, ಪೆಟ್ಟಿಗೆಯಲ್ಲೇ ಬೇರೊಂದು ಕಡೆ ಬೀಗದೊಳಗಿವೆ. ಪಾಸ್‌ವರ್ಡು ಓತೀಲಿಯ ಒಬ್ಬರಿಗೇ ಗೊತ್ತು. ತನಗೆ ಹೇಳಬೇಡವೆಂದು ರೊಸೆಂದೊ ಅವರೇ ಅಂದರು. ಐವತ್ತು ವರ್ಷ ಕಾಪಾಡಿದವಳ ಹತ್ತಿರವೇ ಇರಲಿ, ಅಂದರು.

ಪ್ಲಿನಿಯೊನ ರೆಕಾರ್ಡು ಬಂತು. ಹಾಕಿ ನೋಡಿ, ಇದು ಅದಲ್ಲ ಎಂದು ತಿಳಿದು, ನಾಲ್ಕು ದಿನ ಮುನಿಸಿಕೊಂಡು, ಐದನೆಯ ದಿನ ತನ್ನ ಕುರ್ಚಿಯನ್ನು ಈಚೆ ಜಗಲಿಗೇ ತಂದು ಹಾಕಿಕೊಂಡ. "ಹೆಸ್ರು ಹೇಳ್ದೇ ಇದ್ರೆ ಬಿಡು, ನೀನ್ಯ ಓತಿ. ಜೋರಾಗಾದ್ರೂ ಇಡು," ಎನ್ನುತ್ತಾನೆ.

ಓತೀಲಿಯ ಈಗ ಊರುಗೋಲು ಹಿಡಿದು ಅಂಗಳದವರೆಗೆ ಬರುತ್ತಾರೆ. ಬೆಳಿಗ್ಗೆ ಕಾಫಿಯಾದ ಮೇಲೆ ಪೇಪರು ಓದುವವರು ಅವರೇ, ರೊಸೆಂದೊ ಕೇಳುತ್ತಾರೆ. ಓದು ಸರಾಗ, ಆದರೆ ರೊಸೆಂದೊಗೆ ಸಮಾಧಾನವಿಲ್ಲ. "ನಾನು ಓದ್ವಾಗ ಸುದ್ದಿ ಇಷ್ಟು ಕೆಟ್ಟದಾಗಿ ಇರ್ತಿರ್ಲಿಲ್ಲ," ಎನ್ನುತ್ತಾರೆ. ಆಗ ಓತೀಲಿಯ ಪೇಪರು ಮಡಚಿ, ಮಡಿಲಲ್ಲಿಟ್ಟುಕೊಂಡು, ಫೋನಿನ ಪಟ್ಟಿಯ ಮೇಲೆ ಬೆರಳಾಡಿಸಿ ಹಾಡುಗಳ ಹೆಸರನ್ನು ಗಟ್ಟಿಯಾಗಿ ಓದುತ್ತಾ ಹೋಗುತ್ತಾರೆ, ಗಂಡ ಒಂದಕ್ಕೆ ತಲೆಯಾಡಿಸುವವರೆಗೆ.