ಹನ್ನೊಂದು ಮೊಟ್ಟೆ, ಒಂದು ಹೂಮಳೆ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಮನೆಯ ಹತ್ತು ಕೋಳಿಗಳ ಸಾವಿಗೆ ಕಾಡುಬೆಕ್ಕು ಬರೀ ನೆಪ, ಕಾರಣ ನಾನು. ಬೆಕ್ಕಿನ ಮೇಲೆ ನನಗೆ ಸಿಟ್ಟಿಲ್ಲ. ಅದು ತನ್ನ ಹೊಟ್ಟೆಪಾಡು ನೋಡಿಕೊಂಡಿತು. ಊರಕೋಳಿಯ ಮುತ್ತಜ್ಜಂದಿರೆಲ್ಲ ಕಾಡಿನವರೇ ಎಂದು ಎಲ್ಲೋ ಓದಿದ ನೆನಪು. ಹಾಗೆ ನೋಡಿದರೆ ಕಾಡಿನ ಸ್ವತ್ತು ಕಾಡಿಗೆ ವಾಪಸ್ ಹೋಯಿತು ಎಂದು ವಾದಿಸಬಹುದು. ನಮ್ಮ ಅತ್ತೆಯ ಮುಂದೆ ಒಮ್ಮೆ ಈ ವಾದ ಹೂಡಿಯೂ ನೋಡಿದೆ. "ನೀನು ಬಿ.ಎಸ್ಸಿ ಓದಿದ್ದು ಇದಕ್ಕೇನೇ?" ಎಂದರು. ಅಲ್ಲಿಗೆ ವಿಜ್ಞಾನ ಮುಗಿಯಿತು.

ಆದದ್ದು ಇಷ್ಟು. ಜನವರಿಯಲ್ಲಿ ರೊಬಸ್ಟಾ ಕೊಯ್ಲು ಜೋರಾಗಿತ್ತು, ಕಣದ ತುಂಬ ಕಾಫಿ ಹರಡಿತ್ತು. ಕಾಫಿಗೆ ಬೆಲೆ ಬಂದ ವರ್ಷ ಬೆಳೆಗಾರರಿಗೆ ದಾರಿಯಲ್ಲಿ ಹೋಗುವವರೆಲ್ಲ ಕಳ್ಳರಂತೆ ಕಾಣುತ್ತಾರೆ. ನನಗೂ ಕಂಡರು. ಕೋಳಿಗೂಡಿನ ಬಾಗಿಲಲ್ಲಿ ವರ್ಷಗಟ್ಟಲೆ ಮಲಗುತ್ತಿದ್ದ ನಮ್ಮ ನಾಯಿ ಕರಿಯನನ್ನು ಬಿಚ್ಚಿ ತಂದು ಕಣದ ಮೂಲೆಗೆ ಕಟ್ಟಿದೆ. ಅತ್ತೆ ಜಗಲಿಯಲ್ಲಿ ಕೂತೇ ಸರಪಳಿಯ ಸದ್ದಿನಿಂದ ಇದನ್ನು ಪತ್ತೆ ಹಚ್ಚಿದರು. "ಕಾಫಿ ಎದ್ದು ಓಡಿಹೋಗಲ್ಲ ಕಣೆ. ಗೂಡೊಳಗಿನ ಕೋಳಿಗೆ ಓಡಬೇಕು ಅಂದ್ರೂ ಆಗಲ್ಲ. ನಾಯಿ ಅಲ್ಲೇ ಇರ್ಲಿ" ಎಂದರು. ನಾನು "ಆಯ್ತು ಅತ್ತೆ" ಎಂದು, ಎಲ್ಲ ಸೊಸೆಯರು ಮಾಡುವಂತೆ, ನನಗೆ ಬೇಕಾದ್ದನ್ನೇ ಮಾಡಿದೆ. ಮೂರನೆಯ ದಿನ ಬೆಳಿಗ್ಗೆ ಗೂಡಿನ ತಳದ ಹಲಗೆ ಕಿತ್ತುಹೋಗಿತ್ತು. ಒಂಬತ್ತು ಹೇಂಟೆ, ಒಂದು ಹುಂಜ, ಒಂದೂ ಉಳಿದಿರಲಿಲ್ಲ. ಕಾಫಿ ಮಾತ್ರ ಒಂದು ಕಾಳೂ ಕದಲದೆ ಇತ್ತು.

ನಮ್ಮ ಅತ್ತೆಗೆ ಎಂಬತ್ತೆರಡು. ಎರಡೂ ಕಣ್ಣಿಗೆ ಪೊರೆ. ಆಪರೇಷನ್ ಮಾಡಿಸೋಣವೆಂದರೆ "ನೋಡಿದ್ದು ಸಾಕು" ಎನ್ನುತ್ತಾರೆ. ಆದರೆ ಕೋಳಿಗಳನ್ನು ದನಿಯಿಂದಲೇ ಗುರುತಿಸುತ್ತಿದ್ದರು. ಬೆಳಿಗ್ಗೆ ಗೂಡಿನ ಬಾಗಿಲು ತೆಗೆಯುವುದು, ಬಾ ಬಾ ಬಾ ಎಂದು ನುಚ್ಚು ಎರಚುವುದು, ಸಂಜೆ ಒಂದೊಂದನ್ನೇ ಮುಟ್ಟಿ ಎಣಿಸಿ ಒಳಗೆ ಬಿಡುವುದು ಅವರದೇ ಕೆಲಸ. ನಡುವೆ ಇಡೀ ದಿನ ಅವಕ್ಕೆ ಬೈಯುವುದು. ಎಂಥ ಬೈಗುಳ ಅಂತೀರಿ! "ಬೀದಿ ಬಸವಿ", "ಊರು ಸುತ್ತೋಳೇ", "ನಿನ್ನ ಸೊಕ್ಕು ಮುರಿಯಾ". ಅದರಲ್ಲಿ ಅರ್ಧ ಕೋಳಿಗೆ, ಇನ್ನರ್ಧ ಕೋಳಿಯ ನೆಪದಲ್ಲಿ ನನಗೆ. ಮೂವತ್ತು ವರ್ಷ ಕೇಳಿದ ಮೇಲೆ ಎರಡನ್ನೂ ಬೇರ್ಪಡಿಸುವುದು ನನಗೆ ಚೆನ್ನಾಗಿ ಬರುತ್ತಿತ್ತು.

ತನ್ನ ಕೋಳಿ ಕೂಗಿದರೇ ಊರಿಗೆ ಬೆಳಗಾಗುವುದು ಎಂದುಕೊಂಡು, ಸಿಟ್ಟು ಬಂದ ದಿನ ಕೋಳಿಯನ್ನು ಕಂಕುಳಲ್ಲಿಟ್ಟು ಊರುಬಿಟ್ಟ ಮುದುಕಿಯ ಕಥೆಯನ್ನು ನಾವೆಲ್ಲ ಕೇಳಿ ನಕ್ಕವರೇ. ಈಗ ನನಗೆ ಆ ಮುದುಕಿಯ ಬಗ್ಗೆ ಅಷ್ಟು ನಗು ಬರುವುದಿಲ್ಲ. ಹುಂಜ ಹೋದ ಮೇಲೆ ಊರಿಗೆಲ್ಲ ಎಂದಿನಂತೆ ಬೆಳಗಾಯಿತು, ನಮ್ಮ ಅತ್ತೆಗೆ ಆಗಲಿಲ್ಲ. ಎಂಟು ಗಂಟೆಯಾದರೂ ಹಾಸಿಗೆಯಲ್ಲೇ ಇರುತ್ತಿದ್ದರು. ಮೊದಲ ವಾರ ನನಗೆ ಬೈದರು, ಅದೂ ಯಾವ ಕೋಳಿಯ ನೆಪವೂ ಇಲ್ಲದೆ, ನೇರವಾಗಿ. ಆಮೇಲೆ ಅದನ್ನೂ ನಿಲ್ಲಿಸಿದರು. ಒಂದು ಮಧ್ಯಾಹ್ನ ಸಾರಿಗೆ ಉಪ್ಪು ಹಾಕುವುದನ್ನೇ ಮರೆತಿದ್ದೆ. ಅತ್ತೆ ಸುಮ್ಮನೆ ಉಂಡು, ಕೈ ತೊಳೆದು, ಒಳಗೆ ಹೋಗಿ ಮಲಗಿದರು. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

"ಕೋಳಿ ತಾನೆ, ಬೇರೆ ತಂದರಾಯ್ತು" ಎಂದರು ನಮ್ಮ ಯಜಮಾನರು. ಮೂಡಿಗೆರೆಗೆ ಹೋಗಿ ಆರು ಕೋಳಿ ತಂದರು. ನಾಟಿ ಅಂತ ಹೇಳಿ ಕೊಟ್ಟರಂತೆ. ಮೈಕೈ ತುಂಬಿಕೊಂಡು ನೋಡಲು ಚೆನ್ನಾಗಿಯೇ ಇದ್ದವು, ಪಾಪ. ಊರು ಬಿಟ್ಟು ಹೋಗದಿರಲಿ ಎಂದು ಪದ್ಧತಿಯಂತೆ ಒಂದೊಂದನ್ನೂ ಒರಳುಕಲ್ಲಿಗೆ ಮೂರು ಸುತ್ತು ಹಾಕಿಸಿ ಗೂಡಿಗೆ ಬಿಟ್ಟೆ. ಸುತ್ತು ಹಾಕಿಸುವ ಅಗತ್ಯವೇ ಇರಲಿಲ್ಲ. ಅವು ಬಿಟ್ಟ ಜಾಗದಿಂದ ಕದಲುತ್ತಲೇ ಇರಲಿಲ್ಲ. ಕೆದಕಲು ಬಾರದು, ಮರ ಹತ್ತಲು ಬಾರದು. ಗಿಡುಗ ನೆತ್ತಿಯ ಮೇಲೆ ಸುತ್ತಿದರೆ ಊರಕೋಳಿ ಒಂದೇ ಕೂಗಿಗೆ ಕಾಫಿಗಿಡದ ಬುಡ ಸೇರುತ್ತದೆ. ಇವು ಕತ್ತೆತ್ತಿ, ವಿಮಾನ ನೋಡುವ ಮಕ್ಕಳ ಹಾಗೆ ನೋಡುತ್ತ ನಿಂತವು. ಆರು ನಾಲ್ಕಾದವು, ನಾಲ್ಕು ಎರಡಾದವು. ಅತ್ತೆ ಎರಡು ದಿನ ಜಗಲಿಯಲ್ಲಿ ಕೂತು ಕಿವಿಗೊಟ್ಟು, "ಇವು ಮಾತೇ ಆಡಲ್ವಲ್ಲೇ, ಮಾರಾಯ್ತಿ" ಎಂದು ಎದ್ದು ಹೋದರು. ಉಳಿದೆರಡನ್ನು ನಾದಿನಿ ಬಂದ ಭಾನುವಾರ ಕೊಟ್ಟಿಗೆ ಪಕ್ಕ ಒಯ್ದದ್ದಾಯಿತು. ಕೋಳಿ ಕೇಳಿ ಮಸಾಲೆ ಅರೆಯುವ ಪದ್ಧತಿ ನಮ್ಮಲ್ಲೂ ಇಲ್ಲ.

ಇಲ್ಲಿ ಪಕ್ಕದ ಮನೆಯ ಗಿರಿಜಕ್ಕನ ವಿಷಯ ಹೇಳಬೇಕು. ಅವರಿಗೂ ನನಗೂ ಮೂರು ವರ್ಷದಿಂದ ಮಾತಿರಲಿಲ್ಲ. ಕಾರಣ ಅವರ ಕೋಳಿಗಳು. ಕಾಳುಮೆಣಸಿನ ಬಳ್ಳಿ ನೆಟ್ಟು ನೆರಳಲ್ಲಿ ಸಾಲಾಗಿ ಇಟ್ಟ ನನ್ನ ನರ್ಸರಿಯ ಪ್ಲಾಸ್ಟಿಕ್ ತೊಟ್ಟೆಗಳೆಂದರೆ ಅವಕ್ಕೆ ಅದೇನು ಪ್ರೀತಿಯೋ! ಬೇಲಿ ನುಸುಳಿ ಬಂದು, ಬೇರೆಲ್ಲ ಕಡೆ ಬಿಟ್ಟು, ಅಲ್ಲೇ ಕೆದಕುತ್ತಿದ್ದವು. ನಾನು ಬೇಲಿಯ ಈಚೆ ನಿಂತು ಕೋಳಿಯಿಂದ ಶುರುಮಾಡಿ ಕೋಳಿ ಸಾಕಿದವರ ವಂಶದವರೆಗೆ ಹೋಗಿದ್ದೆ. ಅವರೂ ಕಡಿಮೆಯೇನಲ್ಲ, ಆಚೆಯಿಂದ ನನ್ನ ತವರಿನವರೆಗೂ ಬಂದಿದ್ದರು.

ಫೆಬ್ರವರಿ ಕೊನೆಯಲ್ಲಿ ಒಂದು ದಿನ ಅವು ಮತ್ತೆ ಬಂದವು. ನಾನು ಕಲ್ಲು ಎತ್ತಿಕೊಂಡೆ. ಎಷ್ಟೋ ದಿನದಿಂದ ಬಾಯಿ ಬಿಡದಿದ್ದ ಅತ್ತೆ ಒಳಗಿನಿಂದ ಗೋಡೆ ಹಿಡಿದುಕೊಂಡು ಬಂದರು.

"ಹೊಡೀಬೇಡ್ವೇ. ಅವು ನಮ್ಮವೇ."

"ನಮ್ಮವು ಎಲ್ಲಿವೆ ಅತ್ತೆ? ಗಿರಿಜಕ್ಕಂದು ಇವು."

"ದನಿ ಕೇಳು. ನಮ್ಮ ಕೋಳೀದೇ ದನಿ. ಗಿರಿಜಳ ಮಗಳು ಬಾಣಂತನಕ್ಕೆ ಬಂದಿದ್ಲಲ್ಲ, ಆಗ ಕಾವಿಗೆ ಅಂತ ಬೇಲಿ ಸಂದೀಲಿ ಮೊಟ್ಟೆ ಕೊಟ್ಟಿದ್ದೆ. ಆಮೇಲೆ ನೀನು ಜಗಳ ತೆಗೆದೆ. ಹೇಳಿದ್ರೆ ನೀನು ಬೈತಿ ಅಂತ ಸುಮ್ನಿದ್ದೆ."

ಅತ್ತೆಯ ಕೋಳಿಗಳಿಗೆಲ್ಲ ನೆತ್ತಿಯ ಹಿಂದೆ ಒಂದು ಸಣ್ಣ ಜುಟ್ಟು, ಅದೂ ಎಡಕ್ಕೆ ವಾಲಿದ್ದು. ಇವನ್ನು ಮೊದಲ ಸಲ ಸರಿಯಾಗಿ ನೋಡಿದೆ. ನರ್ಸರಿಯಲ್ಲಿದ್ದ ಐದಕ್ಕೆ ಐದೂ ಎಡಜುಟ್ಟಿನವೇ. ಮೂರು ವರ್ಷ ಎರಡು ಕಣ್ಣಿದ್ದ ನಾನು ಕಾಣದ್ದನ್ನು ಪೊರೆ ಕವಿದ ಅತ್ತೆ ಜಗಲಿಯಲ್ಲೇ ಕೂತು ಕಂಡಿದ್ದರು. ಅದಕ್ಕಿಂತ ನಾಚಿಕೆಯಾದದ್ದು ಇನ್ನೊಂದಕ್ಕೆ. ಈ ಬೈಗುಳದ ಮಹಾರಾಣಿ ಮೂರು ವರ್ಷ ನನ್ನ ಬಾಯಿಗೆ ಹೆದರಿ ಸುಮ್ಮನಿದ್ದರು! ಕಲ್ಲನ್ನು ಅಲ್ಲೇ ಬಿಟ್ಟೆ.

ಸಂಜೆ ಗಿರಿಜಕ್ಕನ ಮನೆಗೆ ಹೊರಟೆ. ಬೇಲಿ ದಾಟಿದರೆ ಇಪ್ಪತ್ತು ಹೆಜ್ಜೆ. ನಾನು ರಸ್ತೆಯಿಂದ ಸುತ್ತು ಹಾಕಿ ಹೋದೆ, ಏನು ಹೇಳಬೇಕೆಂದು ಹೊಂದಿಸಿಕೊಳ್ಳಲು ಸಮಯ ಬೇಕಲ್ಲ. ಹೊಂದಿಸಿದ್ದೆಲ್ಲ ಅವರ ಮೆಟ್ಟಿಲಲ್ಲೇ ಮರೆತುಹೋಯಿತು. "ಗಿರಿಜಕ್ಕ, ನಮ್ಮತ್ತೆ ಊಟ ಬಿಟ್ಟಿದ್ದಾರೆ" ಎಂದುಬಿಟ್ಟೆ. ಅದು ಪೂರ್ತಿ ನಿಜವೂ ಅಲ್ಲ, ಆದರೆ ನನ್ನ ಕಣ್ಣಲ್ಲಿ ನೀರು ಬಂದದ್ದು ನಿಜ.

ನಮ್ಮ ಕೋಳಿಗಳು ಹೋದ ಸುದ್ದಿ ಗೊತ್ತಿದ್ದ ಗಿರಿಜಕ್ಕ ಏನೂ ಕೇಳದೆ ಒಳಗೆ ಕರೆದು ಕಾಫಿ ಕೊಟ್ಟರು. "ಒಂದು ಹೇಂಟೆ ಕಾವಿಗೆ ಬಂದು ಕೂತಿದೆ. ಕೋಳಿ, ಮೊಟ್ಟೆ ಎರಡೂ ತಗೊಂಡು ಹೋಗು. ನಾನೇನು ಕೊಡೋದಲ್ಲ ಇದು, ನಿಮ್ಮತ್ತೆ ಕೊಟ್ಟಿದ್ದು ವಾಪಸ್ ಕಳ್ಸೋದು" ಎಂದರು. ಹೊರಡುವಾಗ ಬಾಗಿಲಲ್ಲಿ ನಿಂತು ನಕ್ಕರು. "ನಮ್ಮ ಕೋಳಿಗೆ ನಿನ್ನ ನರ್ಸರಿ ಅಂದ್ರೆ ಯಾಕೆ ಅಷ್ಟು ಆಸೆ ಗೊತ್ತಾಯ್ತಾ ಈಗ? ತವರುಮನೆ ಕಣೇ ಅದು ಅವಕ್ಕೆ!"

ಬುಟ್ಟಿಗೆ ಹೊಟ್ಟು ಹಾಸಿ, ಬೆಸವೇ ಆಗಬೇಕೆಂದು ಹನ್ನೊಂದು ಮೊಟ್ಟೆ ಎಣಿಸಿ, ಒಂದೊಂದಕ್ಕೂ ಇದ್ದಿಲಿನ ಗೆರೆ ಎಳೆದು ಇಟ್ಟದ್ದು ಅತ್ತೆಯೇ. ಹೇಂಟೆಯನ್ನು ಮುಸ್ಸಂಜೆಯಲ್ಲಿ ಅದರ ಮೇಲೆ ಕೂರಿಸಿದೆವು. ಇಪ್ಪತ್ತೊಂದು ದಿನ. ಅತ್ತೆ ತಮ್ಮ ಮಂಚವನ್ನೇ ಬುಟ್ಟಿಯ ಪಕ್ಕಕ್ಕೆ ಎಳೆಸಿಕೊಂಡರು. ಆದರೂ ಮಾತು ಕಡಿಮೆಯೇ. ಮತ್ತೆ ಹೋದರೆ ಎನ್ನುವ ಅಂಜಿಕೆ ಅವರ ಮುಖದಲ್ಲಿ ಕಾಣುತ್ತಿತ್ತು.

ಹದಿನೇಳನೆಯ ದಿನ ಮೋಡ ಕಟ್ಟಿತು. ಕಾಫಿಯವರಿಗೆ ಮಾರ್ಚ್ ತಿಂಗಳ ಮೋಡವೆಂದರೆ ಏನೆಂದು ಹೊರಗಿನವರಿಗೆ ಹೇಳುವುದು ಕಷ್ಟ. ಗಿಡದ ತುಂಬ ಮೊಗ್ಗು ಕಾದು ನಿಂತಿರುತ್ತದೆ. ಒಂದು ಹದವಾದ ಮಳೆ ಬಿದ್ದರೆ ಹೂವು, ಇಲ್ಲದಿದ್ದರೆ ವರ್ಷವೆಲ್ಲ ಪಶ್ಚಾತ್ತಾಪ. ನಮ್ಮ ಯಜಮಾನರು ಫೋನು ಹಿಡಿದು ಕಳಸದಲ್ಲಿ ಎಷ್ಟು ಇಂಚು, ವಸ್ತಾರೆಯಲ್ಲಿ ಬಂತಾ ಎಂದು ವಿಚಾರಿಸುತ್ತ ಅಂಗಳದಲ್ಲಿ ಶತಪಥ ಹಾಕುತ್ತಿದ್ದರು. ಆದರೆ ಹೂಮಳೆ ಯಾವತ್ತೂ ಗುಡುಗು ಬಿಟ್ಟು ಬರುವುದಿಲ್ಲ. ಗುಡುಗಿದರೆ ಕಾವಿನ ಮೊಟ್ಟೆ ಕೊಳೆತುಹೋಗುತ್ತದೆ ಎನ್ನುವುದು ಅತ್ತೆಯ ಕಾಲದ ನಂಬಿಕೆ. "ಇನ್ನು ನಾಲ್ಕು ದಿನ ತಡ್ಕೊ ಅಂತ ಹೇಳೇ ನಿನ್ನ ಮಳೆಗೆ" ಎಂದು ಮೆಲ್ಲಗೆ ನನ್ನ ಕೈ ಹಿಡಿದರು.

ಸದ್ದಿಗೆ ಮೊಟ್ಟೆ ಕೆಡುವುದಿಲ್ಲವೆಂದು ನನಗೆ ಗೊತ್ತು. ಬಿ.ಎಸ್ಸಿ ಓದಿದ್ದೇನೆ. ಆದರೂ ದೇವರ ಮುಂದೆ ಕೈಮುಗಿದು ನಿಂತಾಗ ಬಾಯಲ್ಲಿ ಬಂದದ್ದು "ಈಗ ಬೇಡಪ್ಪಾ ಮಳೆ" ಎಂದು. ಈ ಮಲೆನಾಡಿನಲ್ಲಿ ಮಾರ್ಚ್ ತಿಂಗಳಲ್ಲಿ ಮಳೆ ಬೇಡವೆಂದು ಬೇಡಿಕೊಂಡ ಕಾಫಿ ಬೆಳೆಗಾರ್ತಿ ನಾನೊಬ್ಬಳೇ ಇರಬೇಕು. ಯಜಮಾನರಿಗೆ ಇವತ್ತಿಗೂ ಹೇಳಿಲ್ಲ, ನೀವೂ ಹೇಳಬೇಡಿ. ದೇವರು ಯಾವ ಅರ್ಜಿ ಮೊದಲು ಬಂತೋ ಅದನ್ನೇ ಮಂಜೂರು ಮಾಡಿರಬೇಕು. ನಾಲ್ಕು ಗಂಟೆಗೆ ಮಳೆ ಶುರುವಾಯಿತು.

ಎಂಥ ಗುಡುಗು! ಹೆಂಚು ನಡುಗಿತು. ನಾನು ಓಡಿ ಹೋಗಿ ಹಳೆಯ ಕುಡುಗೋಲು ತಂದು ಬುಟ್ಟಿಯ ಪಕ್ಕ ಇಟ್ಟೆ. ಕಬ್ಬಿಣವಿದ್ದರೆ ಗುಡುಗು ತಾಗುವುದಿಲ್ಲವಂತೆ. ನನ್ನ ಪದವಿಯನ್ನು ವಿಶ್ವವಿದ್ಯಾಲಯ ವಾಪಸ್ ಕೇಳಿದರೆ ಕೊಟ್ಟುಬಿಡುತ್ತೇನೆ. ಅತ್ತೆ ಮಂಚದಿಂದಿಳಿದು, ಬುಟ್ಟಿಯ ಮೇಲೆ ಬಗ್ಗಿ, ಎರಡೂ ಕೈಯನ್ನು ಹೇಂಟೆಯ ಸುತ್ತ ಇಟ್ಟರು. ಇನ್ನೊಂದು ಗುಡುಗು ಬಡಿಯಿತು. ಅತ್ತೆ ತಲೆಯೆತ್ತಿ ಸೂರಿನತ್ತ ಮುಖ ಮಾಡಿ ಕಿರುಚಿದರು: "ಥೂ ನಿನ್ನ ಬಾಯಿಗೆ ಮಣ್ಣು ಹಾಕ! ಮನೇಲಿ ಬಸುರಿ ಬಾಣಂತಿ ಇದಾವೆ ಅಂತ ಗೊತ್ತಾಗಲ್ವಾ ನಿಂಗೆ? ಹೋಗು ಆಚೆ!"

ಎರಡು ತಿಂಗಳ ಮೇಲೆ ಮೊದಲ ಬೈಗುಳ. ಅದೂ ನೇರ ಆಕಾಶಕ್ಕೆ. ನಾನು ಅಡುಗೆಮನೆಗೆ ಹೋಗಿ ಸೆರಗಲ್ಲಿ ಮುಖ ಒರೆಸಿಕೊಂಡೆ.

ವಾರದೊಳಗೆ ಗುಡ್ಡವೆಲ್ಲ ಬೆಳ್ಳಗಾಯಿತು. ಹೂವಿನ ವಾಸನೆ ಮನೆಯೊಳಗೆಲ್ಲ ತುಂಬಿಕೊಂಡಿತು. ಅದಕ್ಕೂ ಮೊದಲೇ, ಇಪ್ಪತ್ತೊಂದನೆಯ ದಿನ ಬೆಳಿಗ್ಗೆ, ಬುಟ್ಟಿಯೊಳಗೆ ಚಿಂವ್ ಎಂದಿತ್ತು. ಹನ್ನೊಂದರಲ್ಲಿ ಏಳು. ನಾಲ್ಕು ಹಾಳಾದದ್ದು ಗುಡುಗಿಗೆ ಎಂದು ಅತ್ತೆ, ಏಳು ಉಳಿದದ್ದು ಕುಡುಗೋಲಿಗೆ ಎಂದು ಗಿರಿಜಕ್ಕ. ನಾನು ಎರಡಕ್ಕೂ ಹೂಂಗುಟ್ಟಿದೆ. ಕರಿಯ ಗೂಡಿನ ಬಾಗಿಲಿಗೆ ವಾಪಸಾಗಿದ್ದಾನೆ. ಮರಿಗಳನ್ನು ಕರೆದುಕೊಂಡು ಹೇಂಟೆ ಮೊದಲ ದಿನ ನೇರ ಹೋದದ್ದು ನನ್ನ ನರ್ಸರಿಗೆ. ತವರುಮನೆಯಲ್ಲವೇ, ಕೆದಕಲಿ ಎಂದು ಬಿಟ್ಟೆ.

ಮರಿ ಒಡೆದ ದಿನದ ಮಧ್ಯಾಹ್ನ ಅತ್ತೆ ಊಟಕ್ಕೆ ಕೂತು, ಒಂದು ತುತ್ತು ಬಾಯಿಗಿಟ್ಟು, ತಟ್ಟೆ ಸರಿಸಿದರು. "ಎಂಥ ಸಾರೇ ಇದು? ಉಪ್ಪಿಲ್ಲ, ಹುಳಿಯಿಲ್ಲ. ಬುದ್ಧಿ ಎಲ್ಲಿಟ್ಟಿದ್ದೆ?"

ಸಾರಿಗೆ ಉಪ್ಪು ಸರಿಯಾಗಿಯೇ ಇತ್ತು. ನಾನು "ಮರೆತೇಹೋಯ್ತು ಅತ್ತೆ" ಎಂದು ಇನ್ನೊಂದು ಚಿಟಿಕೆ ಹಾಕಿ ಬಡಿಸಿದೆ.