ದೊಡ್ಡಪ್ಪ ಕಲಿಸಿದ ‘ಹ್ಯಾಬಿಟ್’

ಒದ್ದೆ ಬಟ್ಟೆಯ ಮೇಲೆ ಇದ್ದಿಲಿನ ಇಸ್ತ್ರಿಪೆಟ್ಟಿಗೆ ಎಳೆದಾಗ ಏಳುವ ಹಬೆಯ ವಾಸನೆ ಮೂಗಿಗೆ ಬಿದ್ದರೆ ಸಾಕು, ಇಟ್ಟಮಡುವಿನ ನಮ್ಮ ಹೆಂಚಿನ ಮನೆಯ ಮುಂದಿನ ಕೋಣೆ ಕಣ್ಣಿಗೆ ಕಟ್ಟುತ್ತದೆ. ಈಗ ಆ ಜಾಗದಲ್ಲಿ ನಾಲ್ಕಂತಸ್ತಿನ ಪಿ.ಜಿ. ಎದ್ದಿದೆ. ಆಗ ಅಲ್ಲಿ ಅಪ್ಪನ ಅಣ್ಣ, ನನ್ನ ದೊಡ್ಡಪ್ಪ, ಹೊಲಿಗೆ ಅಂಗಡಿ ಇಟ್ಟಿದ್ದ. ತಾತನ ರಾಗಿ ಹೊಲ ಲೇಔಟಿಗೆ ಹೋದ ಮೇಲೆ ಕಲಿತ ಕಸುಬು ಅದು. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷೊಂದರಲ್ಲೇ ಫೇಲಾಗಿದ್ದ ಅವನು ಹಟಕ್ಕೆ ಬಿದ್ದು ಫುಟ್‌ಪಾತಿನಿಂದ ದಪ್ಪನೆಯ ನಿಘಂಟೊಂದನ್ನು ತಂದಿದ್ದ. ಯಾವ ಪದ ಎಲ್ಲಿಂದ ಹುಟ್ಟಿಬಂತು ಎಂಬುದೂ ಅದರಲ್ಲಿತ್ತು. ನಾನು ಅವನ ಕಾಲ ಬಳಿ ಕೂತು ಚಿಂದಿ ಆರಿಸುತ್ತಿದ್ದರೆ ಮೆಷಿನ್ ತುಳಿಯುತ್ತಲೇ ಹೇಳಿಕೊಡುತ್ತಿದ್ದ. ‘ರೊಟೀನ್’ ಹುಟ್ಟಿದ್ದು ದಾರಿ ಎಂಬ ಮಾತಿನಿಂದ, ದಿನಾ ನಡೆದು ಸವೆದ ದಾರಿ ಅದು. ‘ಕಸ್ಟಮ್’ ಮತ್ತು ‘ಕಾಸ್ಟ್ಯೂಮ್’ ಒಂದೇ ತಾಯಿಯ ಮಕ್ಕಳು. ರೂಢಿಯೂ ಉಡುಪೂ ಒಂದೇ ಬೇರಿನವು. ಅವನಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ‘ಹ್ಯಾಬಿಟ್’. ಲ್ಯಾಟಿನ್ನಿನಲ್ಲಿ ‘ಹೊಂದಿರುವುದು’ ಎಂಬ ಮಾತಿನಿಂದ ಹುಟ್ಟಿ, ಇಂಗ್ಲಿಷಿಗೆ ಬಂದಾಗ ಮೊದಲು ಉಟ್ಟ ಬಟ್ಟೆಯಾಗಿ, ಆಮೇಲೆ ಮೈಗಂಟಿದ ಅಭ್ಯಾಸವಾಯಿತಂತೆ. ಟೈಲರಿಗೆ ಇದಕ್ಕಿಂತ ಮರ್ಯಾದೆ ಬೇಕೇ ಎಂದು ನಗುತ್ತಿದ್ದ.

ನಾನು ಇಂಗ್ಲಿಷ್ ಮೀಡಿಯಂ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನಲ್ಲಿದ್ದೆ. ಪಕ್ಕದವಳ ಹತ್ತಿರ ಕನ್ನಡದಲ್ಲಿ ರಬ್ಬರ್ ಕೇಳಿದ್ದಕ್ಕೆ ಮಿಸ್ ನನ್ನ ಡೈರಿಯಲ್ಲಿ ಕೆಂಪು ಇಂಕಿನಲ್ಲಿ ‘ಬ್ಯಾಡ್ ಹ್ಯಾಬಿಟ್’ ಎಂದು ಬರೆದು, ಮನೆಯವರನ್ನು ಕರೆತರಲು ಹೇಳಿದರು. ಮನೆಯಲ್ಲಿ ಮಾತಾಡುವ ಭಾಷೆಯನ್ನು ಉಗುರು ಕಚ್ಚುವುದರ ಸಾಲಿಗೆ ಸೇರಿಸಿದ ಆ ಎರಡು ಪದಗಳನ್ನು ನೆನೆದರೆ ಇವತ್ತಿಗೂ ನನಗೆ ಮೈ ಉರಿಯುತ್ತದೆ. ಅಪ್ಪ ಊರಲ್ಲಿರಲಿಲ್ಲ. ಮಾರನೆಯ ದಿನ ದೊಡ್ಡಪ್ಪನೇ ಬಂದ. ಗರಿಗರಿ ಇಸ್ತ್ರಿಯ ಶರ್ಟು ಹಾಕಿದ್ದ; ಕೊರಳಲ್ಲಿದ್ದ ಅಳತೆಯ ಟೇಪನ್ನು ತೆಗೆದಿಡಲು ಮರೆತಿದ್ದ. ಕ್ಲಾಸಿನ ಬಾಗಿಲಲ್ಲಿ ನಿಂತು ಆ ಪದದ ಹುಟ್ಟನ್ನೆಲ್ಲ ಮಿಸ್‌ಗೆ ವಿವರಿಸಿದ. ಕೊನೆಗೆ, ‘ಹ್ಯಾಬಿಟ್ ಅಂದ್ರೆ ಮೊದ್ಲು ಬಟ್ಟೆ, ಮೇಡಂ. ಮಗು ಮೈಮೇಲಿನ ಬಟ್ಟೆ ಬಿಚ್ಚಿಸ್ತೀರಾ?’ ಎಂದು ಕೇಳಿದ.

ಮಿಸ್ ಆ ಟೇಪನ್ನೇ ನೋಡಿ ನಕ್ಕರು. ಕ್ಲಾಸೂ ನಕ್ಕಿತು. ಇವರು ನಿನಗೆ ಏನಾಗಬೇಕು ಎಂದು ನನ್ನನ್ನು ಇಂಗ್ಲಿಷಿನಲ್ಲಿ ಕೇಳಿದರು. ನಾನು ಎದ್ದು ನಿಂತೆ.

‘ಅವರ್ ಟೈಲರ್, ಮಿಸ್.’

‘ಗುಡ್’ ಅಂದರು ಮಿಸ್. ಉತ್ತರ ಇಂಗ್ಲಿಷಿನಲ್ಲಿತ್ತಲ್ಲ.

ದೊಡ್ಡಪ್ಪನಿಗೆ ಅಷ್ಟು ಇಂಗ್ಲಿಷ್ ಚೆನ್ನಾಗಿಯೇ ಬರುತ್ತಿತ್ತು. ಅವನು ಒಂದು ಗಳಿಗೆ ನನ್ನನ್ನು ನೋಡಿ, ‘ಬರ್ತೀನಿ, ಮೇಡಂ’ ಎಂದು ಹೊರಟುಹೋದ. ಸಂಜೆ ಮನೆಯಲ್ಲಿ, ಮೇಡಂ ತುಂಬ ಒಳ್ಳೆಯವರು, ಹೇಳಿದ್ದನ್ನೆಲ್ಲ ಒಪ್ಪಿಕೊಂಡರು ಎಂದು ಎಲ್ಲರ ಮುಂದೆ ಹೇಳಿದ. ನನ್ನ ಹೆಸರೆತ್ತಲಿಲ್ಲ. ಆಮೇಲೆ ಎಂದೂ ತಾನಾಗಿ ಒಂದು ಇಂಗ್ಲಿಷ್ ಪದ ಹೇಳಿಕೊಡಲೂ ಇಲ್ಲ.

ಚಿಕ್ಕ ಮಗು, ಗೊತ್ತಾಗದೆ ಹೇಳಿದ್ದು ಎಂದು ಈಗ ಕೇಳಿದವರೆಲ್ಲ ನನ್ನನ್ನು ಸಮಾಧಾನ ಮಾಡುತ್ತಾರೆ. ನನಗೆ ಗೊತ್ತಿತ್ತು. ಒಂಬತ್ತು ವರ್ಷದ ಹುಡುಗಿಗೆ ತನ್ನವರನ್ನು ತಪ್ಪಿಲ್ಲದ ಇಂಗ್ಲಿಷಿನಲ್ಲಿ ತಳ್ಳಿಹಾಕಲು ಕಲಿಸಿ, ಅದಕ್ಕೆ ಭೇಷ್ ಅಂದ ಆ ಶಾಲೆಯನ್ನು ನಾನು ಕ್ಷಮಿಸಿಲ್ಲ; ನನ್ನನ್ನೂ ಕ್ಷಮಿಸಿಕೊಂಡಿಲ್ಲ. ನಾನು ಕಾಲೇಜು ಸೇರಿದ ವರ್ಷ ದೊಡ್ಡಪ್ಪ ತೀರಿಕೊಂಡ. ಅಲ್ಲಿಯವರೆಗೂ ತಪ್ಪಾಯಿತು ಎಂದು ಹೇಳಿಬಿಡಬೇಕೆಂದು ಎಷ್ಟೋ ಮಧ್ಯಾಹ್ನ ಅವನ ಪಕ್ಕ ಹೋಗಿ ಕೂತಿದ್ದೇನೆ. ಅವನು ಏನವ್ವಾ ಎಂದು ಕೇಳುತ್ತಿದ್ದ, ನಾನು ಏನಿಲ್ಲ ಅನ್ನುತ್ತಿದ್ದೆ, ಅವನು ಸೂಜಿ ದಾರ ಕೈಗೆ ಕೊಡುತ್ತಿದ್ದ. ಹಾಗೆ ಕೂತು ಕೂತು ನಾನು ಗುಂಡಿ ಹೊಲಿಯುವುದನ್ನಷ್ಟೇ ಕಲಿತೆ.